ಹಿತಕವರೆ ಮತ್ತು ಹಠಮಾರಿ ಪೇಜು

ಜನವರಿಯ ಒಂದು ಭಾನುವಾರ. ಹೆಂಡತಿ ತವರಿಗೆ ಹೋಗಿದ್ದಳು. ಮಧ್ಯಾಹ್ನ ಒಂದು ಗಂಟೆಗೆ ಭಾವ ಊಟಕ್ಕೆ ಬರುವವರಿದ್ದರು. ಹಿತಕವರೆ ಸಾರು ಮಾಡಿ ದಂಗುಬಡಿಸೋಣ ಅಂತ 3 ಕೆಜಿ ಸೊಗಡವರೆ ತಂದು, ಸುಲಿದು, ಹತ್ತು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕೂತೆ. ಬೇಕಾದಷ್ಟು ಟೈಮಿತ್ತು.

ಅಡುಗೆಯ ಪೇಜು ತೆರೆಯಿತು. ಮೊದಲು ಬರೀ ಬಿಳಿ. ಆಮೇಲೆ ಜಾಹೀರಾತು. ಆಮೇಲೆ ಮೂಲೆಯಲ್ಲಿ ತಾನಾಗಿ ಕುಣಿಯುವ ವಿಡಿಯೋ. ಅದರ ಕೆಳಗೆ ಬರೆದವರ ಅಜ್ಜಿ, ಅಜ್ಜಿಯ ಹಿತ್ತಲು, ಹಿತ್ತಲಿನ ಬಾವಿ. ಸಾರು ಎಲ್ಲೋ ಪಾತಾಳದಲ್ಲಿತ್ತು. ಇಳಿಯೋಣ ಅಂತ ಮೌಸಿನ ಚಕ್ರ ತಿರುಗಿಸಿದೆ. ಪೇಜು ಮಿಸುಕಲಿಲ್ಲ. ಇನ್ನೂ ನಾಲ್ಕು ಸಲ ತಿರುಗಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಐದೂ ಸಲದ್ದನ್ನು ಬಡ್ಡಿ ಸಮೇತ ಒಟ್ಟಿಗೆ ತೀರಿಸಿತು. ನಾನು ಬುಡದಲ್ಲಿದ್ದೆ. ಎಗರಿಬಿದ್ದು ಮೇಲೆ ಬಂದು 'ಬೇಕಾಗುವ ಸಾಮಗ್ರಿ' ಒತ್ತಲು ಹೋದರೆ, ಅದೇ ಗಳಿಗೆಗೆ ತಡವಾಗಿ ಬಂದ ಇನ್ನೊಂದು ಜಾಹೀರಾತು ಎಲ್ಲವನ್ನೂ ಕೆಳಗೆ ತಳ್ಳಿತು. ಬಸ್ಸಿನಲ್ಲಿ ನಾವು ಕೂರುವಷ್ಟರಲ್ಲಿ ಕಿಟಕಿಯಿಂದ ಕರ್ಚೀಫು ಬೀಳುತ್ತಲ್ಲ, ಹಾಗೆ. ನನ್ನ ಬೆರಳು ಒತ್ತಿದ್ದು ಚಿನ್ನದ ಸಾಲವನ್ನು.

ಅಕ್ಕನ ಮಗನಿಗೆ ಫೋನ್ ಮಾಡಿದೆ. "ಮಾವ, ಕ್ಯಾಶ್ ಕ್ಲಿಯರ್ ಮಾಡಿ" ಅಂದ. ದುಡ್ಡಿನ ಕ್ಯಾಶ್ ಅಲ್ಲ, ನೋಡಿದ ಪೇಜುಗಳಿಂದ ಬ್ರೌಸರ್ ಉಳಿಸಿಟ್ಟುಕೊಳ್ಳುವ ಗಂಟು. ಮಾಡುವುದೇ ಆದರೆ ಚೆನ್ನಾಗೇ ಮಾಡೋಣ ಅಂತ ಕಂಡ ಚೌಕಕ್ಕೆಲ್ಲ ಟಿಕ್ ಹಾಕಿದೆ. ನಾವು ಲಾಗಿನ್ ಆಗಿದ್ದನ್ನು ನೆನಪಿಟ್ಟುಕೊಳ್ಳುವ ಕುಕೀಗಳೂ ಹೋದವು. ಅವುಗಳ ಜೊತೆ ಇಮೇಲ್, ವಿದ್ಯುತ್ ಬಿಲ್ಲು, ಬ್ಯಾಂಕು, ಎಲ್ಲ ಕಡೆಯಿಂದಲೂ ನಾನು ಹೊರಗೆ. ಪಾಸ್‌ವರ್ಡು ಒಂದೂ ನೆನಪಿಲ್ಲ. ಪೇಜು ಮಾತ್ರ ಮೊದಲಿಗಿಂತ ನಿಧಾನವಾಗಿ ಬಂತು. ಬರಲೇಬೇಕಲ್ವಾ? ಉಳಿಸಿಟ್ಟುಕೊಂಡಿದ್ದ ಚಿತ್ರಗಳನ್ನೆಲ್ಲ ಎಸೆದಿದ್ದೆ, ಪಾಪ ಅದು ಮತ್ತೆ ಮೊದಲಿಂದ ಹೊತ್ತು ತರಬೇಕಿತ್ತು.

ತಲೆ ಕಾದು, ಮೈಕ್ರೋವೇವ್‌ನಲ್ಲಿ ಹಾಲು ಬಿಸಿಗಿಟ್ಟೆ. ಇದ್ದಬದ್ದ ನೆಟ್ಟೂ ಹೋಯಿತು. ಹಾಲು ಬಿಸಿಯಾಗಿ ಟಿಂಗ್ ಅಂದ ಕೂಡಲೇ ನೆಟ್ ವಾಪಸ್! ಭೂತದ ಕಾಟ ಅಂದುಕೊಂಡೆ. ಹುಡುಗ ನಕ್ಕ. ಮೈಕ್ರೋವೇವೂ 2.4 ಗಿಗಾಹರ್ಟ್ಸ್, ನಮ್ಮ ವೈಫೈಯೂ 2.4 ಗಿಗಾಹರ್ಟ್ಸ್. ಎರಡರ ಅಲೆಗಳಿಗೂ ಒಂದೇ ದಾರಿ, ಡಿಕ್ಕಿ ಹೊಡೆಯದೆ ಇರುತ್ತಾ? ರೂಟರನ್ನು ಅದರ ಪಕ್ಕದಲ್ಲೇ, ಸ್ಟೀಲ್ ಡಬ್ಬಗಳ ಹಿಂದೆ ಇಟ್ಟ ಜಾಣ ನಾನೇ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದೆ. ಪೇಜು ಪಟ್ಟನೆ ತೆರೆಯಿತು. ಆದರೆ ಸ್ಕ್ರೋಲು? ಅದೇ ಎತ್ತಿನ ಗಾಡಿ.

"ಪೇಜು ಪೂರ್ತಿ ಬಂದ ಮೇಲೆ ವೈಫೈ ಆಫ್ ಮಾಡಿ ಸ್ಕ್ರೋಲ್ ಮಾಡಿ" ಅಂದ. ಮಾಡಿದೆ. ಆಗಲೂ ತಡವರಿಸಿತು. ಅಂದರೆ ಇದು ನೆಟ್ಟಿನ ತಪ್ಪಲ್ಲ, ಕಾಯಿಲೆ ಲ್ಯಾಪ್‌ಟಾಪಿನೊಳಗೇ ಇದೆ. ಇಷ್ಟು ಹೊತ್ತು ನೆಟ್ ಕೊಡುವವರಿಗೆ ಹಾಕಿದ ಹಿಡಿಶಾಪವೆಲ್ಲ ದಂಡ. ಶಿಫ್ಟ್ ಮತ್ತು ಎಸ್ಕೇಪ್ ಒತ್ತಿಸಿ, ಯಾವ ಟ್ಯಾಬು ಎಷ್ಟು ಭಾರ ಅಂತ ತೋರಿಸುವ ಕ್ರೋಮ್ ಬ್ರೌಸರಿನ ಟಾಸ್ಕ್ ಮ್ಯಾನೇಜರ್ ತೆಗೆಸಿದ. 47 ಟ್ಯಾಬುಗಳು ಸಾಲಾಗಿ ನಿಂತಿದ್ದವು. ಕಳೆದ ದೀಪಾವಳಿಯ ಬಸ್ ಟಿಕೆಟ್ಟೂ ಅದರಲ್ಲಿತ್ತು. ಸಂಕಟಪಡುತ್ತಾ ಮುಚ್ಚಿದೆ. ಗಾಡಿಗೆ ಒಂದು ಎತ್ತು ಜಾಸ್ತಿಯಾಯಿತು, ಅಷ್ಟೇ.

ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ 'ಸಿಸ್ಟಮ್' ತೆಗೆಸಿದ. ಗ್ರಾಫಿಕ್ಸ್ ಆಕ್ಸಲರೇಶನ್ ಆಫ್ ಆಗಿತ್ತು. ಪರದೆಗೆ ಬಣ್ಣ ಬಳಿಯುವ ಕೆಲಸ ಗ್ರಾಫಿಕ್ಸ್ ಚಿಪ್ಪಿನದು. ಅದನ್ನು ಕೈಕಟ್ಟಿ ಕೂರಿಸಿ, ಎಲ್ಲವನ್ನೂ ಪ್ರೊಸೆಸರ್ ಒಂದರ ತಲೆಗೇ ಕಟ್ಟಲಾಗಿತ್ತು.

"ಯಾರು ಮಾವ ಇದನ್ನ ಆಫ್ ಮಾಡಿದ್ದು?"

ನಾನು ಉತ್ತರಿಸಲಿಲ್ಲ. ಎರಡು ವರ್ಷದ ಹಿಂದೆ ವಿಡಿಯೋ ಹಸಿರಾಗಿ ಕಾಣ್ತಿತ್ತು. ಎಲ್ಲೋ ಓದಿ, ನಾನೇ ಆಫ್ ಮಾಡಿ, ಮರೆತಿದ್ದೆ.

ಆನ್ ಮಾಡಿ ಕ್ರೋಮನ್ನು ಮತ್ತೆ ತೆರೆದೆ. ಚಕ್ರ ಮುಟ್ಟಿದರೆ ಸಾಕು, ಪೇಜು ಬೆಣ್ಣೆಯ ಮೇಲೆ ಜಾರಿದ ಹಾಗೆ ಇಳಿಯಿತು. ಅಜ್ಜಿ ಹೋದರು, ಹಿತ್ತಲು ಹೋಯಿತು, ಬಾವಿಯೂ ಹೋಯಿತು. ಮಾಡುವ ವಿಧಾನ ಬಂತು. ಗಡಿಯಾರದಲ್ಲಿ ಹನ್ನೆರಡೂವರೆ. ಮೊದಲ ಸಾಲು ಓದಿದೆ: "ಅವರೆಕಾಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿಡಿ."

ಅವರೆಕಾಳು ಉಪ್ಪಿಟ್ಟು ಮಾಡಿದೆ. ಅದಕ್ಕೆ ಪೇಜು ಬೇಕಾಗಲಿಲ್ಲ.