ಕದಿಯುವುದಾದರೆ ಓದಿ ಕದಿಯಿರಿ, ಮಾರಾಯ್ರೆ

ಕಾಸರಗೋಡಿನ ಕಡಲತಡಿಯ ಕುಂಬಳೆ ಪೇಟೆಯ ಪಕ್ಕದಲ್ಲೇ ಪಯಸ್ವಿನಿ ಹೊಳೆ ಹರಿಯುತ್ತದಂತೆ. ಭಾರತ-ಶ್ರೀಲಂಕಾ ನಡುವಿನ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳರು ಕುಂಬಳೆಯ ಸರಕಾರಿ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುತ್ತಾರಂತೆ. ಕಡಲು, ಮೀನು, ಕೋಟೆ ಇದ್ಯಾವುದರ ಸುದ್ದಿಯೂ ಇಲ್ಲ. ಇವತ್ತು ಒಬ್ಬ ಎಂಎ ಹುಡುಗ ನನ್ನ ಅಂಗಡಿಗೆ ತಂದ ಪ್ರಬಂಧದ ಎರಡನೇ ಅಧ್ಯಾಯ ಇದು.

ಅರ್ಥವಾಯಿತಲ್ಲ? ಯಾರೋ ಘಟ್ಟದ ಬುಡದ ಸುಳ್ಯದ ಬಗ್ಗೆ ಬರೆದದ್ದು. ಫೈಂಡ್-ರೀಪ್ಲೇಸ್ ಒತ್ತಿ ಸುಳ್ಯ ಇದ್ದಲ್ಲೆಲ್ಲ ಕುಂಬಳೆ ಮಾಡಿದ್ದಾನೆ. ಸುಳ್ಯದಿಂದ ಇಳಿದು ಕಾಸರಗೋಡಿನ ಹತ್ತಿರ ಚಂದ್ರಗಿರಿಯಾಗಿ ಕಡಲು ಸೇರುವ ಹೊಳೆ ಪಾಪ ಕುಂಬಳೆಗೆ ಬಂದು ಕೂತಿದೆ. ಹುಡುಗನ ಮನೆ ಉಪ್ಪಳದಲ್ಲಿ. ದಿನಾ ಬಸ್ಸಿನಲ್ಲಿ ಶಿರಿಯ ಸೇತುವೆ ದಾಟಿ ಕುಂಬಳೆಯ ಮೇಲೆಯೇ ಬರುವವನು!

ಕದ್ದದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಡಿಟಿಪಿ ಅಂಗಡಿಯಲ್ಲಿ ಕೂತವಳಿಗೆ ಅದೆಲ್ಲ ಹೊಸತಲ್ಲ. ಆದರೆ ಕದ್ದದ್ದನ್ನು ಒಮ್ಮೆ ಓದಬಾರದಾ?

ಅವನ ಬೇಡಿಕೆ ಕೇಳಿ: "ಅಕ್ಕಾ, ಇದು ಯೂನಿಕೋಡಿನಲ್ಲಿ ಉಂಟು. ಹಳೇ ನುಡಿ ಫಾಂಟಿಗೆ ಹಾಕಿ ಪಿಡಿಎಫ್ ಮಾಡಿ ಕೊಡಿ. ಸಾಫ್ಟ್‌ವೇರಿಗೆ ಸಿಗುವುದಿಲ್ಲ." ಸರಿಯಾದ ಮಾತೇ. ಹಳೇ ನುಡಿಯಲ್ಲಿ ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹೋಲಿಕೆ ಹುಡುಕುವ ತಂತ್ರಾಂಶಕ್ಕೆ ಏನು ತಿಳಿಯಬೇಕು? ಕೃತಿಚೌರ್ಯದ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಡಿದ 2018ರ ನಿಯಮವೂ ಅವನಿಗೆ ಬಾಯಿಪಾಠ. ಹೋಲಿಕೆ ಶೇ. 10ರ ಒಳಗಿದ್ದರೆ ದಂಡ ಇಲ್ಲ, 40ರವರೆಗೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಇಷ್ಟೆಲ್ಲ ತಿಳಿದುಕೊಂಡವನನ್ನು ಸೋಮಾರಿ ಅನ್ನಲಿಕ್ಕಾಗುತ್ತದಾ? ಉತ್ಸಾಹ ಬೇಕಾದಷ್ಟಿದೆ. ಕದ್ದ ಆ ನಲವತ್ತು ಪುಟ ಓದಲಿಕ್ಕೆ ಮಾತ್ರ ಇಲ್ಲ.

ಈಗ ಕೆಲವರು ಬರುತ್ತೀರಿ, ಗೊತ್ತು. "ಗಡಿನಾಡಿನ ಹುಡುಗರ ಕಷ್ಟ ನಿಮಗೇನು ಗೊತ್ತು? ಕನ್ನಡ ಎಂಎ ಮಾಡಿ ಸಿಗುವುದೆಂತ? ಕನ್ನಡ ಶಾಲೆಗೇ ಕನ್ನಡ ಬಾರದ ಟೀಚರ್ ಬರುವ ಊರಿದು." ಒಪ್ಪಿದೆ. ಕನ್ನಡ ಬಲ್ಲ ಟೀಚರೇ ಬೇಕು ಅನ್ನುವ ಹೋರಾಟದ ಕರಪತ್ರ ಟೈಪ್ ಮಾಡಿಕೊಟ್ಟವಳೂ ನಾನೇ, ಅದರ ದುಡ್ಡು ಇನ್ನೂ ಬಂದಿಲ್ಲ. ಆದರೆ ಪಯಸ್ವಿನಿಯನ್ನು ಕುಂಬಳೆಗೆ ತಿರುಗಿಸಿದ್ದು ಟೀಚರ್ ಆರಿಸಿ ಕಳಿಸುವ ಕೇರಳ ಪಿಎಸ್‌ಸಿ ಅಲ್ಲವಲ್ಲ! ಕನ್ನಡಕ್ಕೆ ಕೆಲಸ ಬೇಕು ಅಂತ ಬೀದಿಗಿಳಿಯುವವರೇ ಕನ್ನಡದಲ್ಲಿರುವ ನಲವತ್ತು ಪುಟ ಓದದಿದ್ದರೆ ಎಂತ ಹೇಳುವುದು?

ಹೊಟ್ಟೆಕಿಚ್ಚು ಅಂದರೆ ಅನ್ನಿ, ಸ್ವಲ್ಪ ಇದೆ. ನನಗೂ ಪಿಎಚ್‌ಡಿ ಮಾಡಬೇಕು ಅಂತಿತ್ತು. ಮನೆಯ ಪರಿಸ್ಥಿತಿ ಹಳಬರಿಗೆ ಗೊತ್ತು, ಮತ್ತೆ ಹೇಳುವುದಿಲ್ಲ. ಈಗ ಬೇರೆಯವರ ಪ್ರಬಂಧದ ಕಾಗುಣಿತ ತಿದ್ದುತ್ತೇನೆ, ಪುಟಕ್ಕಿಷ್ಟು ಅಂತ. ಹಾಗಾಗಿ ಒಂದೊಂದು ಸಾಲನ್ನೂ ಓದುವವಳು ನಾನೊಬ್ಬಳೇ ಅಂತ ಕಾಣುತ್ತದೆ. ಯಾಕೆಂದರೆ, ಅಸಲು ವಿಷಯ ಕೇಳಿ: ಆ ಪ್ರಬಂಧದ ಕರಡಿಗೆ ಮಾರ್ಗದರ್ಶಕರ ಸಹಿ ಆಗಲೇ ಬಿದ್ದಿತ್ತು. "ವಿದ್ಯಾರ್ಥಿಯ ಸ್ವತಂತ್ರ ಕ್ಷೇತ್ರಕಾರ್ಯದ ಫಲ" ಅಂತ ಪ್ರಮಾಣಪತ್ರ ಬೇರೆ. ಅವರೂ ಕಾಸರಗೋಡಿನವರೇ, ಹೊಳೆ ನೋಡದವರೇನಲ್ಲ.

ನನ್ನ ಗೆಳೆಯರ ಪಟ್ಟಿಯಲ್ಲಿ ಗೈಡ್‌ಗಳು ನಾಲ್ಕೈದು ಮಂದಿ ಇದ್ದೀರಿ. ಸಹಿ ಹಾಕುವ ಮೊದಲು ಎದುರು ಕೂರಿಸಿ, ನೀನು ಓಡಾಡಿದ ಊರಿನ ನಕ್ಷೆ ಕೈಯಲ್ಲಿ ಬಿಡಿಸು ಅನ್ನಿ. ಹತ್ತು ನಿಮಿಷ ಸಾಕು, ಯಾವ ಸಾಫ್ಟ್‌ವೇರೂ ಬೇಡ. ಬೇಜಾರಾದವರು ಅನ್‌ಫ್ರೆಂಡ್ ಮಾಡಬಹುದು, ಹಳೇ ಬಾಕಿ ಕೊಟ್ಟು ಮಾಡಿ.