ಸತ್ಯಾಂಶ: ಪುನರುಜ್ಜೀವನ ಶುರುವಾಗಿದ್ದು 1453ರಲ್ಲಾ?

1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಗೆದ್ದರು, ಅಲ್ಲಿಂದ ಓಡಿಬಂದ ಗ್ರೀಕ್ ಪಂಡಿತರಿಂದಲೇ ಇಟಲಿಯಲ್ಲಿ ಪುನರುಜ್ಜೀವನ (ರೆನೈಸಾನ್ಸ್, ಅಂದರೆ ಹಳೇ ಗ್ರೀಕ್-ರೋಮನ್ ವಿದ್ಯೆ, ಕಲೆಗಳು ಮತ್ತೆ ಚಿಗುರಿದ ಕಾಲ) ಶುರುವಾಯಿತು ಅನ್ನುವ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಇಸವಿಗಳನ್ನು ನೋಡಿದರೆ ಸಾಕು.

ಇಟಲಿಯ ವೆರೋನಾದಲ್ಲಿ ಕವಿ ಪೆಟ್ರಾರ್ಕ್‌ಗೆ ಪ್ರಾಚೀನ ರೋಮಿನ ವಾಗ್ಮಿ ಸಿಸೆರೋನ ಪತ್ರಗಳ ಹಳೇ ಪ್ರತಿ ಸಿಕ್ಕಿದ್ದು 1345ರಲ್ಲಿ. ಅವನು ಅದನ್ನು ಕೈಯಾರೆ ನಕಲು ಮಾಡಿಕೊಂಡ, ಅಷ್ಟಕ್ಕೇ ನಿಲ್ಲದೆ, ಸತ್ತು ಸಾವಿರ ವರ್ಷ ದಾಟಿದ್ದ ಆ ಸಿಸೆರೋನಿಗೇ ಒಂದು ಕಾಗದ ಬರೆದ! ಎಂಥ ಪ್ರೀತಿ ಅಲ್ವಾ?

1397ರಲ್ಲಿ ಫ್ಲಾರೆನ್ಸ್‌ನಲ್ಲಿ ಗ್ರೀಕ್ ಪಾಠ ಶುರುಮಾಡಿದ ಕ್ರಿಸೊಲೊರಸ್ ಕಾನ್‌ಸ್ಟಾಂಟಿನೋಪಲ್‌ನವನೇ. ಆದರೆ ಓಡಿಬಂದವನಲ್ಲ, ಊರಿನವರೇ ಸಂಬಳ ಕೊಟ್ಟು ಕರೆಸಿಕೊಂಡಿದ್ದರು. ಅದೇ ಫ್ಲಾರೆನ್ಸ್‌ನ ಮುಖ್ಯ ಚರ್ಚಿಗೆ ಬ್ರುನೆಲೆಸ್ಕಿ ಕಟ್ಟಿದ ದೊಡ್ಡ ಇಟ್ಟಿಗೆ ಗುಮ್ಮಟವೂ 1436ಕ್ಕೇ ಮುಗಿದಿತ್ತು.

1453ರ ನಂತರವೂ ಪಂಡಿತರು ಬಂದದ್ದು ನಿಜ, ಗ್ರೀಕ್ ಓದು ಇನ್ನೂ ಜಾಸ್ತಿಯಾಯಿತು.