ಕೆಲಸ ಇಳಿಯಿತು, ಮುದ್ದೆ ಇಳಿಯಲಿಲ್ಲ

ವರ್ಷಕ್ಕೊಮ್ಮೆ ಜಪಾನಿನ ನಗೋಯಾದಿಂದ ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿಗೆ ಬಂದಾಗ, ಮೊದಲ ದಿನದ ಮಧ್ಯಾಹ್ನ ಊಟಕ್ಕೆ ಕೂತ ನನಗೆ ಚಿಕ್ಕಮ್ಮ ಹೇಳುವ ಮಾತು ಹದಿನಾಲ್ಕು ವರ್ಷಗಳಿಂದ ಒಂದೇ: "ಇನ್ನರ್ಧ ಮುದ್ದೆ ಹಾಕಿಸ್ಕೊಳಪ್ಪಾ, ತೋಟದ ಕಡೆ ಹೋಗಿ ಬಂದ್ರೆ ಕರಗೋಗುತ್ತೆ." ಪ್ರೀತಿಯ ಒತ್ತಾಯವೆಂದಷ್ಟೇ ನಾನು ಅದನ್ನು ಬಹಳ ಕಾಲ ತಿಳಿದಿದ್ದೆ. ಈ ಸಲ ಕಾಗದ ಹಿಡಿದು ಲೆಕ್ಕ ಹಾಕಿದಾಗ, ಆ ಮಾತಿನಲ್ಲಿ ಕರಾರುವಾಕ್ಕಾದ ಗಣಿತವೇ ಅಡಗಿದೆಯೆಂಬುದು ಕಂಡಿತು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಶಕ್ತಿಯಿರುತ್ತದೆ. ಅಷ್ಟು ಹಿಟ್ಟಿನಿಂದ ನಮ್ಮ ಮನೆಯ ಅಳತೆಯ ಒಂದು ಮುದ್ದೆಯಾಗುತ್ತದೆ. ಅರ್ಧ ಮುದ್ದೆಯೆಂದರೆ 160. ಹಿಪ್ಪುನೇರಳೆ ತೋಟ ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿದೆ. ಹೋಗಿ ಬಂದರೆ ಮೂರು ಕಿಲೋಮೀಟರ್ ನಡಿಗೆ, ನನ್ನಂತೆ 78 ಕಿಲೋ ತೂಗುವವನಿಗೆ ಹತ್ತಿರ ಹತ್ತಿರ 150 ಕ್ಯಾಲೊರಿ ಖರ್ಚು. ಚಿಕ್ಕಮ್ಮನ ಲೆಕ್ಕ ಸರಿಯಾಗಿಯೇ ಇದೆ. ತೋಟಕ್ಕೆ ಈಗ ಯಾರೂ ನಡೆದು ಹೋಗುವುದಿಲ್ಲ ಎಂಬುದೊಂದೇ ಅದರಲ್ಲಿ ಸೇರಿಲ್ಲ. ಚಿಕ್ಕಪ್ಪನ ಮಗ, ಎಂದರೆ ನನ್ನ ತಮ್ಮ, ಬೈಕಿನಲ್ಲಿ ಹೋಗುತ್ತಾನೆ, ನಾನು ಅವನ ಹಿಂದೆ ಕೂರುತ್ತೇನೆ.

ಆಹಾರದ ಮಾತಿನಲ್ಲಿ ನಾವು ಕ್ಯಾಲೊರಿ ಎನ್ನುವುದು ವಾಸ್ತವದಲ್ಲಿ ಕಿಲೋಕ್ಯಾಲೊರಿಯನ್ನು. ಪಿಷ್ಟ ಮತ್ತು ಪ್ರೋಟೀನಿನ ಒಂದು ಗ್ರಾಮಿಗೆ 4, ಕೊಬ್ಬಿನ ಒಂದು ಗ್ರಾಮಿಗೆ 9 ಎಂಬ ಸೂತ್ರವನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಅಟ್ವಾಟರ್ ತಮ್ಮ ಪ್ರಯೋಗಗಳಿಂದ ಕಂಡುಕೊಂಡರು; ಇಂದಿಗೂ ಪೊಟ್ಟಣಗಳ ಮೇಲಿನ ಅಂಕಿಗಳಿಗೆ ಅದೇ ಆಧಾರ. ಆದರೆ ನಮ್ಮೂರ ಅಡುಗೆಮನೆಗಳಲ್ಲಿ ಈ ಸೂತ್ರದ ಕೆಲಸವನ್ನು ಬೇರೊಂದು ಪದ್ಧತಿ ಮಾಡುತ್ತಿತ್ತು. ನನ್ನ ಅಜ್ಜಿ ಬೆಳಿಗ್ಗೆ ಎಸರಿಡುವ ಮೊದಲು, ಅಂದು ಯಾರು ತೋಟಕ್ಕೆ, ಯಾರು ಸಂತೆಗೆ, ಯಾರು ಮನೆಯಲ್ಲೇ ಎಂದು ಕೇಳಿ, ಅದರ ಮೇಲೆ ಹಿಟ್ಟು ಅಳೆಯುತ್ತಿದ್ದರು. ಮುದ್ದೆಗಳೂ ಒಂದೇ ಗಾತ್ರದವಾಗಿರುತ್ತಿರಲಿಲ್ಲ. ಗುದ್ದಲಿ ಹಿಡಿಯುವವನಿಗೆ ದೊಡ್ಡದು, ಶಾಲೆಗೆ ಹೋಗುವ ನನಗೆ ಚಿಕ್ಕದು, ಹೊರಸಿನ ಮೇಲೆ ಕೂತಿರುತ್ತಿದ್ದ ತಾತನಿಗೆ ಅದಕ್ಕಿಂತ ಚಿಕ್ಕದು. ತಾತನಿಗೆ ಅದು ಅವಮಾನವೆಂದು ಯಾರೂ ಭಾವಿಸಿದ್ದು ನನಗೆ ನೆನಪಿಲ್ಲ. ದುಡಿಮೆಗೆ ತಕ್ಕ ಅನ್ನ ಎಂಬುದು ಅಲ್ಲಿ ಬೋಧನೆಯಾಗಿರಲಿಲ್ಲ, ದಿನದ ಅಳತೆಯಾಗಿತ್ತು.

ಆ ದುಡಿಮೆ ಎಂಥದೆಂಬುದನ್ನು ರೇಷ್ಮೆ ಸಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪನ್ನು ಎಲೆಎಲೆಯಾಗಿ ಬಿಡಿಸಿ, ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು ತಂದು, ಮರಿಹುಳುಗಳಿಗಾದರೆ ಸಣ್ಣಗೆ ಹೆಚ್ಚಿ, ತಟ್ಟೆ ತಟ್ಟೆಗೂ ಹರಡಿ, ಹಿಕ್ಕೆ ತೆಗೆದು, ರಾತ್ರಿ ಮತ್ತೊಮ್ಮೆ ಎದ್ದು ಸೊಪ್ಪು ಹಾಕಬೇಕಾಗಿತ್ತು. ಹುಳು ಮೇವು ಬಿಟ್ಟು ಪೊರೆ ಕಳಚುವ ಘಟ್ಟಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ, ಹುಳು ತನ್ನ ಜೀವಮಾನದಲ್ಲಿ ತಿನ್ನುವ ಒಟ್ಟು ಸೊಪ್ಪಿನ ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ಉಳಿದ ಏಳೆಂಟು ದಿನಗಳಲ್ಲೇ ತಿನ್ನುತ್ತದೆ. ಆ ದಿನಗಳಲ್ಲಿ ಮನೆಮಂದಿಗೆ ಕೂರಲು ಬಿಡುವಿರುತ್ತಿರಲಿಲ್ಲ. ಈಗ ಮರಿಹುಳುಗಳನ್ನು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ದಾಟಿದ ಹುಳುಗಳನ್ನೇ ತರುತ್ತಾರೆ. ಸೊಪ್ಪನ್ನು ರೆಂಬೆಯ ಸಮೇತ ಕತ್ತರಿಸಿ, ವಾಹನದಲ್ಲಿ ತಂದು, ಸ್ಟ್ಯಾಂಡುಗಳ ಮೇಲೆ ಹಾಗೇ ಹರಡುತ್ತಾರೆ. ನೀರಿಗೆ ಹನಿ ನೀರಾವರಿ, ಉಳುಮೆಗೆ ಟಿಲ್ಲರ್. ಮೈಯನ್ನು ಹಿಂಡುತ್ತಿದ್ದ ಆ ದುಡಿಮೆ ಮರಳಿ ಬರಲೆಂದು ನಾನು ಖಂಡಿತ ಬಯಸುವುದಿಲ್ಲ. ನನ್ನ ತಂದೆಯ ಬೆನ್ನು ಐವತ್ತಕ್ಕೇ ಬಾಗಿದ್ದು ಅದರಿಂದಲೇ. ನಾನು ಹೇಳುವುದು ಇಷ್ಟೇ: ಕೆಲಸ ಕಡಿಮೆಯಾದಾಗ ಹಿಟ್ಟಿನ ಅಳತೆಯೂ ಕಡಿಮೆಯಾಗಬೇಕಾಗಿತ್ತು, ಅದು ಆಗಲಿಲ್ಲ. ಗುದ್ದಲಿ ಹಿಡಿಯುತ್ತಿದ್ದವನಿಗೆ ಕಟ್ಟುತ್ತಿದ್ದ ದೊಡ್ಡ ಮುದ್ದೆಯೇ ಈಗ ಎಲ್ಲರ ತಟ್ಟೆಯ ಮುದ್ದೆಯಾಗಿದೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಅಂಕಿಗಳನ್ನು ನೋಡಬಹುದು. 65 ಕಿಲೋ ತೂಕದ ಗಂಡಸು ಕೂತು ಮಾಡುವ ಕೆಲಸದವನಾದರೆ ದಿನಕ್ಕೆ 2110 ಕ್ಯಾಲೊರಿ, ಸಾಧಾರಣ ಮೈಕೆಲಸದವನಾದರೆ 2710, ಕಠಿಣ ದುಡಿಮೆಯವನಾದರೆ 3470 ಬೇಕೆಂದು ಅದು ಹೇಳುತ್ತದೆ. ಮೊದಲ ಅಂಕಿಗೂ ಕೊನೆಯ ಅಂಕಿಗೂ ನಡುವಿನ ಅಂತರ 1360. ಎಂದರೆ ನಾಲ್ಕು ಮುದ್ದೆಗಿಂತ ಸ್ವಲ್ಪ ಹೆಚ್ಚು. ನನ್ನ ತಂದೆಯ ದಿನಕ್ಕೂ ನನ್ನ ತಮ್ಮನ ದಿನಕ್ಕೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ ಇರಬಹುದು. ಅದರಲ್ಲಿ ಅರ್ಧದಷ್ಟನ್ನು ನನ್ನ ತಮ್ಮ ತಾನಾಗಿಯೇ ಬಿಟ್ಟಿದ್ದಾನೆ ಎಂದಿಟ್ಟುಕೊಂಡರೂ, ಉಳಿದರ್ಧ ಹೊಟ್ಟೆಯ ಸುತ್ತ ಕೊಬ್ಬಾಗಿ ಕೂರದೆ ಬೇರೆ ದಾರಿಯಿಲ್ಲ.

ಇನ್ನು ನಾನು ವಾಸಿಸುವ ಊರಿನ ಮಾತು. ಜಪಾನಿನಲ್ಲಿ ನಲವತ್ತು ದಾಟಿದವರಿಗೆ 2008ರಿಂದ ವಾರ್ಷಿಕ ತಪಾಸಣೆಯಲ್ಲಿ ಸೊಂಟದ ಸುತ್ತಳತೆಯನ್ನೂ ಅಳೆಯುತ್ತಾರೆ. ಗಂಡಸರಿಗೆ 85 ಸೆಂಟಿಮೀಟರ್ ಗಡಿ. ಎರಡು ವರ್ಷಗಳ ಹಿಂದೆ ನನ್ನದು 88 ಬಂದಿತು. ರಕ್ತದೊತ್ತಡವೂ ಸ್ವಲ್ಪ ಏರಿತ್ತು. ಹಾಗಾಗಿ ಪೋಷಣಾ ತಜ್ಞೆಯೊಬ್ಬರು ನನ್ನನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಬರೆದರು. ಒಂದು ಸೆಂಟಿಮೀಟರ್ ಸುತ್ತಳತೆಯೆಂದರೆ ಸರಿಸುಮಾರು ಒಂದು ಕಿಲೋ ತೂಕ, ಒಂದು ಕಿಲೋ ಮೈಕೊಬ್ಬೆಂದರೆ ಸುಮಾರು 7000 ಕ್ಯಾಲೊರಿ ಎಂಬುದು ಅಲ್ಲಿ ಸಲಹೆ ಕೊಡುವವರು ಬಳಸುವ ರೂಢಿಯ ಅಳತೆ. ಮೂರು ಸೆಂಟಿಮೀಟರಿಗೆ 21,000. ಆರು ತಿಂಗಳ ಮೇಲೆ ಹರಡಿದರೆ ದಿನಕ್ಕೆ 117. ಅದರಲ್ಲಿ ಅರ್ಧವನ್ನು ಊಟದಲ್ಲಿ ಬಿಡಿ, ಅರ್ಧವನ್ನು ನಡಿಗೆಯಲ್ಲಿ ಕಳೆಯಿರಿ ಎಂದರು. ನನ್ನ ಪಾಲಿಗೆ ಅದು, ದಿನದ ಎರಡು ಕಾಫಿಗಳಿಂದ ಮೂರು ಚಮಚ ಸಕ್ಕರೆಯನ್ನು ತೆಗೆಯುವುದು ಮತ್ತು ಇಪ್ಪತ್ತು ನಿಮಿಷ ಹೆಚ್ಚು ನಡೆಯುವುದು. ಇಷ್ಟು ಸಣ್ಣ ಅಂಕಿಯನ್ನು ಕೇಳಿ ನನಗೆ ಸಮಾಧಾನವಾಗುವುದರ ಬದಲು ಆತಂಕವಾಯಿತು. ದಿನಕ್ಕೆ ನೂರು ನೂರಿಪ್ಪತ್ತು ಕ್ಯಾಲೊರಿ ಕಡಿಮೆಯಾದರೆ ತೂಕ ಇಳಿಯುತ್ತದೆಯೆಂದರೆ, ಅಷ್ಟೇ ಹೆಚ್ಚಾದದ್ದರಿಂದ ಅದು ಏರಿತ್ತು ಎಂದಾಯಿತು. ಅದೂ ಗಮನಕ್ಕೇ ಬಾರದಂತೆ.

ಜಪಾನೀಯರು ಸಂಯಮದ ಮೂರ್ತಿಗಳೆಂದು ನಾನು ಹೇಳುತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಬಿಯರ್ ಕುಡಿದು, ಮೇಲೆ ರಾಮೆನ್ ತಿನ್ನುವ ಸಹೋದ್ಯೋಗಿಗಳು ನನಗೂ ಇದ್ದಾರೆ. ಅವರ ಊಟದಲ್ಲಿ ಉಪ್ಪು ಅತಿ. ಆದರೆ ಅಲ್ಲಿನ ಜೀವನಕ್ರಮದಲ್ಲಿ ಅಳತೆ ಪಾತ್ರೆಯಲ್ಲೇ ಇದೆ. ಅನ್ನದ ಬಟ್ಟಲು ಅಂಗೈಯಲ್ಲಿ ಕೂರುವಷ್ಟು, ಸುಮಾರು 150 ಗ್ರಾಂ ಹಿಡಿಯುವಷ್ಟು ಚಿಕ್ಕದು. ಹೊಟ್ಟೆಯ ಹತ್ತರಲ್ಲಿ ಎಂಟು ಪಾಲು ತುಂಬಿದಾಗ ನಿಲ್ಲಿಸು ಎಂಬ ಅರ್ಥದ 'ಹರ ಹಾಚಿ ಬು' ಎಂಬ ಮಾತು ಅವರಲ್ಲಿದೆ. ನಮ್ಮ ಆಯುರ್ವೇದವೂ ಹೊಟ್ಟೆಯ ಎರಡು ಪಾಲು ಘನಾಹಾರಕ್ಕೆ, ಒಂದು ಪಾಲು ದ್ರವಕ್ಕೆ, ಇನ್ನೊಂದು ಪಾಲನ್ನು ಖಾಲಿ ಬಿಡು ಎನ್ನುತ್ತದೆ. ಮಾತಿನಲ್ಲಿ ನಾವೇನೂ ಹಿಂದುಳಿದಿಲ್ಲ. ಅಲ್ಲಿ ಆ ಮಾತಿಗೆ ಬಟ್ಟಲಿನ ಬೆಂಬಲವಿದೆ. ಇಲ್ಲಿ ಬಡಿಸುವವರ ಕೈಯನ್ನು ತಡೆಯುವುದಕ್ಕೆ ತಟ್ಟೆಗೆ ಅಂಗೈ ಅಡ್ಡ ಹಿಡಿಯಬೇಕು, ಹಿಡಿದರೆ ಮುನಿಸು. ನಾಲ್ಕು ನೆಂಟರ ಮನೆಗೆ ಹೋಗಿ ಬಂದ ದಿನ ನಾಲ್ಕು ಲೋಟ ಸಿಹಿ ಕಾಫಿ, ಎರಡು ಕಡೆ ಕೋಡುಬಳೆ, ಒಂದು ಕಡೆ ತುಪ್ಪ ಸುರಿದ ಹೋಳಿಗೆ ತಪ್ಪುವುದಿಲ್ಲ. ತುಪ್ಪದ ಒಂದು ದೊಡ್ಡ ಚಮಚವೇ ಸುಮಾರು 120 ಕ್ಯಾಲೊರಿ. ನನ್ನ ತಜ್ಞೆ ಬರೆದುಕೊಟ್ಟ ಇಡೀ ದಿನದ ಕಡಿತ ಅಲ್ಲಿಗೇ ಮುಗಿಯಿತು.

ಓಡಾಟದ ವಿಷಯದಲ್ಲೂ ಅಷ್ಟೇ. ನಗೋಯಾದಲ್ಲಿ ನಾನು ಜಿಮ್ಮಿಗೆ ಹೋಗುವುದಿಲ್ಲ. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕಚೇರಿಗೆ, ಮಧ್ಯೆ ಮೆಟ್ಟಿಲುಗಳು; ಹೀಗೆ ಕೇಳದೆಯೇ ಏಳೆಂಟು ಸಾವಿರ ಹೆಜ್ಜೆಗಳಾಗುತ್ತವೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಜಗತ್ತೆಲ್ಲ ಹೇಳುವ ಅಂಕಿಯೂ 1965ರಲ್ಲಿ ಅಲ್ಲಿನ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಬಂದದ್ದೇ ಹೊರತು ವೈದ್ಯಕೀಯ ಸಂಶೋಧನೆಯಿಂದ ಅಲ್ಲ. ಬೆಳಿಗ್ಗೆ ಆರೂವರೆಗೆ ರೇಡಿಯೋದ ಸಂಗೀತಕ್ಕೆ ಉದ್ಯಾನದಲ್ಲಿ ಸಾಲಾಗಿ ನಿಂತು ಕೈಕಾಲು ಆಡಿಸುವ ವೃದ್ಧರನ್ನು ನೋಡಿದಾಗಲೆಲ್ಲ ನನಗೆ ನಮ್ಮೂರು ನೆನಪಾಗುತ್ತದೆ. 1928ರಲ್ಲಿ ಆರಂಭವಾದ ಆ ವ್ಯಾಯಾಮಕ್ಕೆ ಬೇಕಾದದ್ದು ಹತ್ತು ನಿಮಿಷ ಮತ್ತು ಒಂದು ರೇಡಿಯೋ ಮಾತ್ರ.

ಶಿಡ್ಲಘಟ್ಟದಲ್ಲೂ ಈಗ ಬೆಳಗಿನ ನಡಿಗೆಯವರು ಹೆಚ್ಚಾಗಿದ್ದಾರೆ, ಅದು ನನಗೆ ನಿಜಕ್ಕೂ ಸಂತೋಷ. ಆದರೆ ಮೈದಾನದಲ್ಲಿ ನಲವತ್ತು ನಿಮಿಷ ಸುತ್ತು ಹಾಕಿದ ಗೆಳೆಯರು ಅಲ್ಲಿಂದ ನೇರವಾಗಿ ಹೋಟೆಲಿಗೆ ಹೋಗಿ, ಬೆಣ್ಣೆ ಹಾಕಿದ ಮಸಾಲೆ ದೋಸೆಯನ್ನು ಸಂಪಾದಿಸಿದ ಹಕ್ಕಿನಂತೆ ತಿನ್ನುವುದನ್ನು ನಾನು ಈ ಸಲವೂ ಕಂಡೆ. ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದುದನ್ನು ಕಳೆದರೆ, ಆ ನಡಿಗೆಯಿಂದ ಹೆಚ್ಚಾಗಿ ಕರಗುವುದು 120 ಕ್ಯಾಲೊರಿಯಷ್ಟು. ದೋಸೆಯ ಎಣ್ಣೆ ಬೆಣ್ಣೆಯನ್ನು ಸೇರಿಸಿದರೆ 300ಕ್ಕೆ ಕಡಿಮೆಯಿಲ್ಲ. ವ್ಯಾಯಾಮ ಹೃದಯಕ್ಕೆ, ಮಾಂಸಖಂಡಕ್ಕೆ, ಸಕ್ಕರೆಯ ಹತೋಟಿಗೆ, ನಿದ್ದೆಗೆ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಎಂದು ಹೇಳಿರುವುದು ಇದಕ್ಕಾಗಿಯೇ. ತಿಂದದ್ದನ್ನು ತೀರಿಸುವ ಸಾಲಪತ್ರದಂತೆ ಅದನ್ನು ಬಳಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಐದು ನಿಮಿಷದಲ್ಲಿ ತಿಂದದ್ದನ್ನು ಕರಗಿಸಲು ಗಂಟೆಗಟ್ಟಲೆ ಬೇಕು, ಅದರ ಮೇಲೆ ವ್ಯಾಯಾಮ ಹಸಿವನ್ನೂ ಹೆಚ್ಚಿಸುತ್ತದೆ.

ಮುದ್ದೆಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ರಾಗಿ ತಿಂದರೆ ಮೈ ಬರುವುದಿಲ್ಲ ಎಂದು ನಮ್ಮವರು ನಂಬುತ್ತಾರೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ, ರಾಗಿಯಲ್ಲಿ 320. ಈ ವ್ಯತ್ಯಾಸ ದೊಡ್ಡದಲ್ಲ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ ಮತ್ತು ಸುಣ್ಣದ ಅಂಶದಲ್ಲಿ: ನಾರು ನೂರು ಗ್ರಾಮಿಗೆ ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ. ಆದರೆ ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ತಲುಪುವಷ್ಟರಲ್ಲಿ ಎರಡನೇ ಮುದ್ದೆ ಒಳಗೆ ಹೋಗಿರುತ್ತದೆ. ಬೆರಕೆ ಸೊಪ್ಪಿನ ಮಸ್ಸೊಪ್ಪನ್ನೋ ಹುರುಳಿಕಾಳಿನ ಬಸ್ಸಾರಿನ ಪಲ್ಯವನ್ನೋ ಮೊದಲು ತಿಂದು, ಆಮೇಲೆ ಮುದ್ದೆಗೆ ಕೈ ಹಾಕಿದರೆ ಒಂದರಲ್ಲೇ ತೃಪ್ತಿಯಾಗುವುದನ್ನು ನಾನು ನನ್ನ ಮೇಲೇ ಪ್ರಯೋಗಿಸಿ ನೋಡಿದ್ದೇನೆ.

ಮುದ್ದೆಗಿಂತ ದೊಡ್ಡ ಅಪಾಯ ಊರ ಅಂಗಡಿಗಳ ಮುಂದೆ ತೂಗುವ ಪೊಟ್ಟಣಗಳದು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು ಇಪ್ಪತ್ತು ಮಂದಿಗೆ ಎರಡು ವಾರ ಕಾರ್ಖಾನೆಯ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಸಾಮಾನ್ಯ ಆಹಾರವನ್ನೂ ಬೇಕಾದಷ್ಟು ತಿನ್ನಲು ಕೊಟ್ಟು ನೋಡಿದರು. ಮೊದಲನೆಯದರಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರಗಳಲ್ಲೇ ತೂಕ 900 ಗ್ರಾಮಿನಷ್ಟು ಏರಿತು. ಇದನ್ನು ಓದಿದ ಮೇಲೆ ಮಕ್ಕಳಿಗೆಂದು ಊರಿಗೆ ತರುತ್ತಿದ್ದ ಚಾಕೊಲೇಟ್ ಡಬ್ಬಿಗಳನ್ನು ನಾನು ನಿಲ್ಲಿಸಿದೆ.

ಇಷ್ಟೆಲ್ಲ ಬರೆಯುವಾಗ ನನ್ನನ್ನು ಹೆಚ್ಚು ಕಾಡಿದ್ದು ಹೆಂಗಸರ ವಿಷಯ. ಗಂಡಸರ ದುಡಿಮೆ ಬೈಕಿಗೆ, ಟಿಲ್ಲರಿಗೆ ವರ್ಗವಾದಷ್ಟು ಸುಲಭವಾಗಿ ಹೆಂಗಸರದು ಆಗಲಿಲ್ಲ. ಹುಳು ಮನೆಯ ಕಸ, ಹಸುಗಳ ಮೇವು ಹಾಲು, ಅಡುಗೆ, ಪಾತ್ರೆ, ಎಲ್ಲ ಇನ್ನೂ ಚಿಕ್ಕಮ್ಮನ ಮೇಲೇ ಇದೆ. ಉಣ್ಣುವುದು ಕೊನೆಗೆ, ಉಳಿದಿದ್ದನ್ನು. ಸೊಪ್ಪು ಕಾಳು ಗಂಡಸರಿಗೆ ಬಡಿಸಿ ಆದ ಮೇಲೆ ಚಿಕ್ಕಮ್ಮನ ತಟ್ಟೆಗೆ ಮುದ್ದೆ ಮತ್ತು ತಿಳಿಸಾರು. 55 ಕಿಲೋ ತೂಕದ ಹೆಂಗಸಿಗೆ ಕೂತ ಕೆಲಸದಲ್ಲಿ 1660, ಸಾಧಾರಣ ದುಡಿಮೆಯಲ್ಲಿ 2130 ಕ್ಯಾಲೊರಿ ಬೇಕು. ಆದ್ದರಿಂದ "ಎಲ್ಲರೂ ಕಡಿಮೆ ತಿನ್ನಿ" ಎಂದು ಹೊರಗಿನಿಂದ ಬಂದು ಉಪದೇಶಿಸುವುದು ತಪ್ಪು. ಒಂದೇ ಮನೆಯಲ್ಲಿ ಒಬ್ಬರ ತಟ್ಟೆ ಇಳಿಯಬೇಕು, ಇನ್ನೊಬ್ಬರ ತಟ್ಟೆಗೆ ಸೊಪ್ಪು, ಕಾಳು, ಹಾಲು ಏರಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಊಟವನ್ನು ವೈದ್ಯರ ಮಾತು ಕೇಳದೆ ಇಳಿಸಲೂ ಬಾರದು.

ಈ ಸಲ ಹೊರಡುವ ಹಿಂದಿನ ದಿನ ತಮ್ಮನ ಸೊಂಟವನ್ನು ಟೇಪಿನಲ್ಲಿ ಅಳೆದೆ: 97. ನನ್ನ ತಜ್ಞೆಯ ರೀತಿಯಲ್ಲೇ ಲೆಕ್ಕ ಬರೆದುಕೊಟ್ಟೆ. ರಾತ್ರಿ ಅರ್ಧ ಮುದ್ದೆ ಕಡಿಮೆ, ಬೆಳಗಿನ ಸೊಪ್ಪಿಗೆ ತೋಟಕ್ಕೆ ನಡಿಗೆ, ಬೈಕು ಸಂಜೆ ಹೊರೆ ತರುವುದಕ್ಕೆ ಮಾತ್ರ. ಅವನು ಕಾಗದವನ್ನು ಎರಡು ಸಲ ಓದಿ, "ನಡಿಯೋದು ನನ್ನ ಕೈಲಿದೆ, ಮುದ್ದೆ ವಿಷ್ಯ ಅಮ್ಮಂಗೆ ನೀನೇ ಹೇಳಣ್ಣ" ಎಂದನು.

ಅಡುಗೆಮನೆಗೆ ಹೋದೆ. ಚಿಕ್ಕಮ್ಮ ಎಸರಿಟ್ಟು ಹಿಟ್ಟಿನ ಡಬ್ಬಿ ತೆಗೆಯುತ್ತಿದ್ದರು. ಅಜ್ಜಿ ಬೇರೆ ಬೇರೆ ಗಾತ್ರದ ಮುದ್ದೆ ಕಟ್ಟುತ್ತಿದ್ದುದನ್ನು ನೆನಪಿಸಿ, ತಮ್ಮನ 97ರ ವಿಷಯ ತಿಳಿಸಿದೆ. ಕ್ಯಾಲೊರಿ ಎಂಬ ಪದವನ್ನು ನಾನು ಬಳಸಲಿಲ್ಲ, ಅವರೂ ಏನೂ ವಾದಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಳತೆಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: "ನಾಳೆ ತೋಟಕ್ಕೆ ಯಾರ್ಯಾರು ಹೋಗ್ತೀರಪ್ಪಾ?"